ಧ್ರುವದ ಕಡಲಲ್ಲಿ ಬಾಟಲಿ ಎಲ್ಲಿ ಇಳಿಸಬೇಕು? ಉಪಗ್ರಹದ ಹಸಿರು ನಕ್ಷೆಯನ್ನು ಓದುವ ಬಗೆ

ಪ್ರಶ್ನೆ: ಕಡಲ ಜೀವಶಾಸ್ತ್ರದ ಸಂಶೋಧನಾ ವಿದ್ಯಾರ್ಥಿನಿ ನಾನು. ಜನವರಿ ಕೊನೆಗೆ ಅಂಟಾರ್ಕ್ಟಿಕದ ಪ್ರಿಡ್ಜ್ ಕೊಲ್ಲಿಯತ್ತ ಹೋಗುವ ಹಡಗಿನಲ್ಲಿ ಸಸ್ಯಪ್ಲವಕಗಳ (ಕಡಲಲ್ಲಿ ತೇಲುವ ಸೂಕ್ಷ್ಮ ಸಸ್ಯಗಳ) ಮಾದರಿ ತೆಗೆಯುವ ಅವಕಾಶ ಸಿಕ್ಕಿದೆ. ಎಲ್ಲೆಲ್ಲಿ ಸ್ಟೇಷನ್, ಅಂದರೆ ಹಡಗು ನಿಲ್ಲಿಸಿ ಬಾಟಲಿಯಲ್ಲಿ ನೀರು ತೆಗೆಯುವ ಜಾಗ, ಇಡಬೇಕೆಂದು ನೋಡಲು ಉಪಗ್ರಹದ ಕ್ಲೋರೋಫಿಲ್ ನಕ್ಷೆಗಳನ್ನು ಇಳಿಸಿಕೊಂಡೆ. ಮುಕ್ಕಾಲು ಪಾಲು ಖಾಲಿ ಇದೆ. ಅಂಕಿ ಇರುವ ಕಡೆಯೂ ಹಿಂದಿನ ಯಾನಗಳು ಅಳೆದದ್ದರ ಅರ್ಧದಷ್ಟೇ ಕಾಣುತ್ತದೆ. ಇದನ್ನು ನಂಬಿ ಹಡಗು ತಿರುಗಿಸಬಹುದೇ? ಮುಂದೆ ಆರ್ಕ್ಟಿಕ್‌ನಲ್ಲಿ ಕೆಲಸ ಮಾಡಿದರೂ ಇದೇ ವಿಧಾನ ನಡೆಯುತ್ತದೆಯೇ?

ಉತ್ತರ: ತಿರುಗಿಸಬಹುದು. ಆ ನಕ್ಷೆಯಲ್ಲಿ ನೀವು ನಂಬಬೇಕಾದದ್ದು ಹಸಿರು ನೀರು ನೀಲಿ ನೀರನ್ನು ಸೇರುವ ಅಂಚನ್ನು. ಪಿಕ್ಸೆಲ್‌ನೊಳಗಿನ ಅಂಕಿಯನ್ನು, ನಿಮ್ಮದೇ ಬಾಟಲಿಯ ನೀರಿನೊಂದಿಗೆ ಹೋಲಿಸುವ ತನಕ, ಒಂದು ಅಂದಾಜು ಎಂದಷ್ಟೇ ಇಟ್ಟುಕೊಳ್ಳಿ. ಖಾಲಿ ಜಾಗಗಳನ್ನು ಮಾತ್ರ ನಿರ್ಲಕ್ಷಿಸಬೇಡಿ. ಧ್ರುವ ಪ್ರದೇಶದಲ್ಲಿ ಪ್ರತಿಯೊಂದು ಖಾಲಿ ಪಿಕ್ಸೆಲ್ಲಿಗೂ ಒಂದು ಕಾರಣವಿರುತ್ತದೆ, ಆ ಕಾರಣ ಗೊತ್ತಾದರೆ ಅರ್ಧ ಯೋಜನೆ ಆದಂತೆಯೇ.

ಉಪಗ್ರಹ ಕ್ಲೋರೋಫಿಲ್ಲನ್ನು ನೇರವಾಗಿ ಅಳೆಯುವುದಿಲ್ಲ. ನೀರಿಗಿಳಿದು ಮೇಲಕ್ಕೆ ಚದುರಿ ಬಂದ ಸೂರ್ಯನ ಬೆಳಕಿನಲ್ಲಿ ನೀಲಿ ಎಷ್ಟು ಉಳಿದಿದೆ, ಹಸಿರು ಎಷ್ಟು ಉಳಿದಿದೆ ಎಂದು ನೋಡುತ್ತದೆ. ಸಸ್ಯಪ್ಲವಕಗಳು 443 ನ್ಯಾನೋಮೀಟರ್ ಸುತ್ತಲಿನ ನೀಲಿಯನ್ನು ಚೆನ್ನಾಗಿ ಹೀರುತ್ತವೆ, 555ರ ಸುತ್ತಲಿನ ಹಸಿರನ್ನು ಅಷ್ಟಾಗಿ ಹೀರುವುದಿಲ್ಲ. ಈ ಎರಡರ ಅನುಪಾತವನ್ನು ಒಂದು ಸೂತ್ರಕ್ಕೆ ಹಾಕಿದಾಗ ಘನ ಮೀಟರಿಗೆ ಇಷ್ಟು ಮಿಲಿಗ್ರಾಂ ಕ್ಲೋರೋಫಿಲ್ ಎಂಬ ಅಂಕಿ ಬರುತ್ತದೆ. ಉಪಗ್ರಹವನ್ನು ಮುಟ್ಟುವ ಬೆಳಕಿನಲ್ಲಿ ನೀರಿನೊಳಗಿಂದ ಬಂದ ಪಾಲು ಸಾಮಾನ್ಯವಾಗಿ ಶೇ 10ಕ್ಕಿಂತ ಹೆಚ್ಚಿರುವುದಿಲ್ಲ. ಉಳಿದದ್ದು ಗಾಳಿಯ ಅಣುಗಳು, ತೇಲುವ ಕಣಗಳು ಮತ್ತು ಅಲೆಗಳ ಮೇಲ್ಮೈ ಚದುರಿಸಿದ ಬೆಳಕು. ಅದನ್ನೆಲ್ಲ ಲೆಕ್ಕ ಹಾಕಿ ಕಳೆದ ಮೇಲೆ ಉಳಿದ ಚೂರಿನಿಂದಲೇ ನಿಮ್ಮ ನಕ್ಷೆ ಬರುತ್ತದೆ. ಕಳೆಯುವ ಲೆಕ್ಕದಲ್ಲಿ ಸ್ವಲ್ಪ ಎಡವಟ್ಟಾದರೂ ನೀರಿನ ಅಂಕಿ ಬಹಳ ಏರುಪೇರಾಗುತ್ತದೆ. ಧ್ರುವದ ತೊಂದರೆಗಳಲ್ಲಿ ಹೆಚ್ಚಿನವು ಇಲ್ಲಿಂದ ಹುಟ್ಟುತ್ತವೆ.

ಮೊದಲು ಸೂರ್ಯ. ಸೂರ್ಯ ನೆತ್ತಿಯಿಂದ 70 ಡಿಗ್ರಿಗಿಂತ ಕೆಳಗಿದ್ದರೆ ಬೆಳಕು ವಾತಾವರಣದಲ್ಲಿ ಓರೆಯಾಗಿ ಬಹುದೂರ ಸಾಗಬೇಕಾಗುತ್ತದೆ, ವಾತಾವರಣವನ್ನು ಚಪ್ಪಟೆ ಪದರ ಎಂದು ಎಣಿಸುವ ಲೆಕ್ಕ ಕೈಕೊಡುತ್ತದೆ. ಹಾಗಾಗಿ ಸಿದ್ಧ ದತ್ತಾಂಶಗಳು ಸುಮಾರು ಆ ಮಿತಿಯ ಆಚೆಗಿನದನ್ನು ಕೈಬಿಡುತ್ತವೆ. ನಿಮ್ಮ ಜಾಗಕ್ಕೆ ಇದನ್ನು ನೀವೇ ಲೆಕ್ಕ ಹಾಕಬಹುದು. ಭಾರತದ ಸಂಶೋಧನಾ ನಿಲ್ದಾಣ ‘ಭಾರತಿ’ ಇರುವ ಲಾರ್ಸ್‌ಮನ್ ಬೆಟ್ಟಗಳು 69 ಡಿಗ್ರಿ ದಕ್ಷಿಣ ಅಕ್ಷಾಂಶದಲ್ಲಿವೆ. ಡಿಸೆಂಬರ್ 21ರ ನಡುಹಗಲು ಅಲ್ಲಿ ಸೂರ್ಯ ನೆತ್ತಿಯಿಂದ ಸುಮಾರು 46 ಡಿಗ್ರಿ ಕೆಳಗಿರುತ್ತಾನೆ, ಜನವರಿ ಕೊನೆಗೆ 51.5, ಫೆಬ್ರುವರಿ ಕೊನೆಗೆ 61, ಮಾರ್ಚ್ 20ಕ್ಕೆ 69. ಅಂದರೆ ಮಾರ್ಚ್ ಮೂರನೇ ವಾರದ ನಂತರ ಆಕಾಶ ಶುಭ್ರವಾಗಿದ್ದರೂ ನಕ್ಷೆ ಖಾಲಿ. ಆ ಹೊತ್ತಿಗೆ ಬ್ಲೂಮ್ (ಪ್ಲವಕಗಳು ಒಮ್ಮೆಲೇ ದಟ್ಟವಾಗಿ ಬೆಳೆಯುವುದು) ಮುಗಿಯಿತೆಂದು ನಕ್ಷೆ ನೋಡಿ ಬರೆದವರಿದ್ದಾರೆ. ಮುಗಿದದ್ದು ಬೆಳಕು ಮಾತ್ರ.

ಎರಡನೆಯದು ಮೋಡ. ದಕ್ಷಿಣ ಸಾಗರದ ಮೇಲೆ ಸರಾಸರಿ ಶೇ 80ಕ್ಕೂ ಹೆಚ್ಚು ಮೋಡ ಕವಿದಿರುತ್ತದೆ. ಇದಕ್ಕೆ ಸಮಾಧಾನವೆಂದರೆ ಧ್ರುವಗಾಮಿ ಉಪಗ್ರಹಗಳ ಪಥಗಳು ಧ್ರುವದ ಕಡೆಗೆ ಒಂದಕ್ಕೊಂದು ಹತ್ತಿರವಾಗುತ್ತವೆ. ನಮ್ಮ ಅರಬ್ಬಿ ಸಮುದ್ರವನ್ನು ದಿನಕ್ಕೊಮ್ಮೆ ನೋಡುವ ಉಪಗ್ರಹ 69 ಡಿಗ್ರಿಯಲ್ಲಿ ಬೇಸಿಗೆಯ ಒಂದೇ ದಿನ ಹಲವು ಬಾರಿ ಹಾದುಹೋಗುತ್ತದೆ. ಮೋಡ ಸರಿದ ಎರಡು ಗಂಟೆಯ ಕಿಂಡಿಯಲ್ಲೂ ಏನಾದರೂ ಸಿಗುತ್ತದೆ. ಈ ಲಾಭ ನಿಮಗೆ ಸಿಗಬೇಕಾದರೆ ದಿನದ ಸರಾಸರಿ ನಕ್ಷೆಗಳನ್ನು, ಅಂದರೆ ಲೆವೆಲ್ 3 ಫೈಲುಗಳನ್ನು, ಬಿಟ್ಟು ಪ್ರತಿ ಹಾಯುವಿಕೆಯ ಲೆವೆಲ್ 2 ಫೈಲುಗಳಿಗೆ ಹೋಗಬೇಕು. ನೀವು ಇಳಿಸಿಕೊಂಡದ್ದು ಬಹುಶಃ ಲೆವೆಲ್ 3. ಅದರಲ್ಲಿ ಅನುಮಾನಾಸ್ಪದ ಪಿಕ್ಸೆಲ್ಲುಗಳನ್ನೆಲ್ಲ ಮೊದಲೇ ಗುಡಿಸಿ ಹಾಕಿರುತ್ತಾರೆ. ಜಾಗತಿಕ ಸರಾಸರಿಗೆ ಅದು ಸರಿ, ಹಿಮದಂಚಿನಲ್ಲಿ ಕೆಲಸ ಮಾಡುವವರಿಗೆ ಬೇಕಾದ ಪಿಕ್ಸೆಲ್ಲುಗಳೇ ಅದರಲ್ಲಿ ಹೋಗಿಬಿಡುತ್ತವೆ.

ಮೂರನೆಯದು ಹಿಮ, ಇದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ನಾಸಾದ ಸಂಸ್ಕರಣೆ ಮೋಡಕ್ಕೂ ಹಿಮಕ್ಕೂ ಒಂದೇ ಫ್ಲ್ಯಾಗ್ (ಎಚ್ಚರಿಕೆಯ ಗುರುತು) ಹಾಕುತ್ತದೆ. 865 ನ್ಯಾನೋಮೀಟರ್ ಸುಮಾರಿನ ಅವಗೆಂಪು ಬೆಳಕಿನಲ್ಲಿ ಪ್ರತಿಫಲನ 0.027 ದಾಟಿದರೆ ಆ ಪಿಕ್ಸೆಲ್ ಖಾಲಿ. ಅದು ಮೋಡವೋ ಹಿಮವೋ ಎಂದು ನಕ್ಷೆ ಹೇಳುವುದಿಲ್ಲ, ನಿಮ್ಮ ಹಡಗಿನ ನಾಯಕರಿಗೆ ಮಾತ್ರ ಆ ವ್ಯತ್ಯಾಸವೇ ಮುಖ್ಯ. ಇದನ್ನು ಬೇರ್ಪಡಿಸಲು ಎರಡು ದಾರಿ ಇವೆ. ನಾಸಾದ ಉಪಗ್ರಹ ಚಿತ್ರಗಳ ಜಾಲತಾಣ ವರ್ಲ್ಡ್‌ವ್ಯೂ ತೆರೆದು ಅಂಟಾರ್ಕ್ಟಿಕ ಪ್ರಕ್ಷೇಪಕ್ಕೆ ಬದಲಿಸಿ, ಹ್ರಸ್ವತರಂಗ ಅವಗೆಂಪು ಬೆಳಕು ಸೇರಿದ ಹುಸಿಬಣ್ಣದ ಚಿತ್ರ ಹಾಕಿ. ನಾಸಾದ ಮೋಡಿಸ್ ಉಪಕರಣದಲ್ಲಿ ಅದು 3-6-7 ಬ್ಯಾಂಡ್‌ಗಳ ಜೋಡಣೆ. ಹಿಮ ಆ ತರಂಗಗಳನ್ನು ಹೀರುವುದರಿಂದ ಕಡುಗೆಂಪಾಗಿ ಕಾಣುತ್ತದೆ, ನೀರ ಹನಿಗಳ ಮೋಡ ಬಿಳಿಯಾಗಿಯೇ ಉಳಿಯುತ್ತದೆ. ಎರಡನೆಯದು ಮೈಕ್ರೋವೇವ್. 2012ರಲ್ಲಿ ಹಾರಿದ ಜಪಾನಿನ ಜಿಕಾಮ್-ಡಬ್ಲ್ಯು1 ಉಪಗ್ರಹದ ಆಮ್ಸರ್-2 ಉಪಕರಣ ಮೋಡದ ಮೂಲಕವೂ ಹಿಮವನ್ನು ಕಾಣುತ್ತದೆ. ಬ್ರೆಮೆನ್ ವಿಶ್ವವಿದ್ಯಾಲಯ ಅದರಿಂದ 6.25 ಮತ್ತು 3.125 ಕಿ.ಮೀ. ಜಾಲದ ದೈನಿಕ ನಕ್ಷೆ ಕೊಡುತ್ತದೆ. ಅದರಲ್ಲಿ ನೀರಿನ ಶೇ 15 ಭಾಗವನ್ನು ಹಿಮ ಮುಚ್ಚಿರುವಲ್ಲಿ ಗೆರೆ ಎಳೆದು ಅದನ್ನು ಹಿಮದಂಚು ಎಂದು ಕ್ಲೋರೋಫಿಲ್ ನಕ್ಷೆಯ ಮೇಲೆ ಹಾಕಿ. ಆ ಗೆರೆಯ ಒಳಗಿನ ಖಾಲಿ ಹಿಮ, ಹೊರಗಿನ ಖಾಲಿ ಹೆಚ್ಚಾಗಿ ಮೋಡ. ಇಷ್ಟು ಮಾಡಿದ ಮೇಲೆ ನಿಮ್ಮ ನಕ್ಷೆ ಮುಂಚಿನಷ್ಟು ಖಾಲಿ ಅನ್ನಿಸುವುದಿಲ್ಲ.

ಅಂಕಿ ಬಂದ ಪಿಕ್ಸೆಲ್ಲುಗಳಲ್ಲೂ ಹಿಮದ ಕೈವಾಡ ಇರುತ್ತದೆ. ಪಕ್ಕದ ಬಿಳಿ ಹಿಮದಿಂದ ಚದುರಿದ ಬೆಳಕು ಕಪ್ಪು ನೀರಿನ ಪಿಕ್ಸೆಲ್ಲಿನ ದಾರಿಗೆ ಬಂದು ಸೇರುತ್ತದೆ. ನೀಲಿ ಬೆಳಕಿನಲ್ಲಿ ಇದರ ಪ್ರಭಾವ ಅಂಚಿನಿಂದ ಹತ್ತಿಪ್ಪತ್ತು ಕಿ.ಮೀ. ದೂರದವರೆಗೂ ಇರಬಹುದು. ಇದಲ್ಲದೆ ಪಿಕ್ಸೆಲ್ಲಿನೊಳಗೇ ತೇಲುವ ಹಿಮದ ಚೂರುಗಳು ಫ್ಲ್ಯಾಗಿನ ಮಿತಿಗಿಂತ ಕಡಿಮೆ ಇದ್ದರೆ ಸಿಕ್ಕಿಬೀಳದೆ ಉಳಿಯುತ್ತವೆ. ಇದರಿಂದ ಕ್ಲೋರೋಫಿಲ್ ಹೆಚ್ಚೂ ಕಾಣಬಹುದು, ಕಡಿಮೆಯೂ ಕಾಣಬಹುದು. ಗುರುತು ಹಿಡಿಯುವ ಬಗೆ ಹೀಗೆ: ಹಸಿರು ಪಟ್ಟಿ ಹಿಮದಂಚಿಗೆ ಸಮಾನಾಂತರವಾಗಿ ಒಂದೇ ಅಗಲದಲ್ಲಿ ಸಾಗುತ್ತಿದ್ದು, ಮರುದಿನ ಹಿಮ ಸರಿದಾಗ ಅದೂ ಅಷ್ಟೇ ಸರಿದರೆ ಅದು ಬೆಳಕಿನ ಮೋಸ. ಹಿಮ ಸರಿದರೂ ಪಟ್ಟಿ ನಿಂತಲ್ಲೇ ನಿಂತರೆ, ಅಥವಾ ಸುಳಿಗಳ ಆಕಾರ ತಳೆದರೆ, ಅದು ನೀರಿನದ್ದೇ.

ಕಷ್ಟವೆಂದರೆ ಹಿಮದಂಚೇ ನಿಜವಾದ ಬ್ಲೂಮ್ ಹುಟ್ಟುವ ಜಾಗ. ಕರಗಿದ ಸಿಹಿನೀರು ಮೇಲೆ ಹಗುರವಾಗಿ ನಿಂತು ಪ್ಲವಕಗಳನ್ನು ಬೆಳಕಿನ ಪದರದಲ್ಲಿ ಹಿಡಿದಿಡುತ್ತದೆ. 20 ಕಿ.ಮೀ. ಪಟ್ಟಿಯನ್ನು ಪೂರ್ತಿ ಅಳಿಸಿದರೆ ನೀವು ಹುಡುಕಿ ಹೊರಟದ್ದೇ ಅಳಿಸಿಹೋಗುತ್ತದೆ. ಹಾಗಾಗಿ ಎರಡು ಪದರ ಇಟ್ಟುಕೊಳ್ಳಿ. ಹಿಮದಿಂದ 20 ಕಿ.ಮೀ. ಆಚೆ ಇದ್ದು ಯಾವ ಫ್ಲ್ಯಾಗೂ ಇಲ್ಲದ ಪಿಕ್ಸೆಲ್ಲುಗಳಿಗೆ ಗಾಢ ಬಣ್ಣ. ಅಂಚಿಗೆ ಹತ್ತಿರವಿದ್ದು ಸ್ಟ್ರೇ ಲೈಟ್ (ಪಕ್ಕದಿಂದ ನುಸುಳಿದ ಬೆಳಕು) ಫ್ಲ್ಯಾಗ್ ಬಿದ್ದವಕ್ಕೆ ಗೀಟು ಹಾಕಿದ ತೆಳು ಬಣ್ಣ. ಮೊದಲನೆಯದನ್ನು ನೋಡಿ ದೂರದಿಂದ ಹಡಗಿನ ದಿಕ್ಕು ನಿರ್ಧರಿಸಿ, ಎರಡನೆಯದರೊಳಗೆ ಹೋದ ಮೇಲೆ ಹಡಗಿನ ಉಪಕರಣಗಳ ಮಾತು ಕೇಳಿ. ಮೇಲ್ಮೈ ನೀರಿನ ಉಷ್ಣತೆ, ಲವಣಾಂಶ ಅಳೆಯುವ ಹಡಗಿನ ಥರ್ಮೋಸಲಿನೋಗ್ರಾಫ್‌ನಲ್ಲಿ ಲವಣಾಂಶ 34ರ ಆಸುಪಾಸಿನಿಂದ 33ರತ್ತ ಇಳಿಯಲು ಶುರುವಾದರೆ ಕರಗಿದ ನೀರಿನ ಪದರ ಬಂತೆಂದು ಅರ್ಥ. ಅಲ್ಲಿ ನಕ್ಷೆ ಖಾಲಿ ಇದ್ದರೂ ಬಾಟಲಿ ಇಳಿಸಬೇಕು.

ಇನ್ನು ಅಂಕಿ ಅರ್ಧದಷ್ಟೇ ಏಕೆ ಎಂಬ ಪ್ರಶ್ನೆ. ನೀವು ಕಂಡದ್ದು ಸರಿಯೇ. ಜಾಗತಿಕ ಸೂತ್ರಗಳು ದಕ್ಷಿಣ ಸಾಗರದ ಕ್ಲೋರೋಫಿಲ್ಲನ್ನು ಕಡಿಮೆ ತೋರಿಸುತ್ತವೆ ಎಂದು 1990ರ ದಶಕದಿಂದಲೂ ಗೊತ್ತು, ಬ್ಲೂಮ್‌ಗಳಲ್ಲಿ ಎರಡು ಮೂರು ಪಟ್ಟು ಕಡಿಮೆ ಬರುವುದುಂಟು. ಆ ಸೂತ್ರಗಳನ್ನು ಕಟ್ಟಿದ್ದು ಹೆಚ್ಚಾಗಿ ಬೆಚ್ಚನೆಯ ಕಡಲುಗಳ ಅಳತೆಯಿಂದ. ಅಂಟಾರ್ಕ್ಟಿಕದ ದೊಡ್ಡ ಡಯಾಟಮ್‌ಗಳು (ಸಿಲಿಕದ ಚಿಪ್ಪಿನ ಸಸ್ಯಪ್ಲವಕಗಳು) ಮಂದ ಬೆಳಕಿಗೆ ಹೊಂದಿಕೊಂಡು ಪ್ರತಿ ಕೋಶದೊಳಗೆ ಕ್ಲೋರೋಫಿಲ್ಲನ್ನು ಒತ್ತೊತ್ತಾಗಿ ತುಂಬಿಕೊಂಡಿರುತ್ತವೆ. ಅರಿಶಿನದ ಪುಡಿ ಕದಡಿದರೆ ಕೊಡ ನೀರೂ ಹಳದಿಯಾಗುತ್ತದೆ, ಅಷ್ಟೇ ತೂಕದ ಅರಿಶಿನದ ಕೊಂಬು ಹಾಕಿದರೆ ನೀರು ಹಾಗೆಯೇ ಇರುತ್ತದೆ. ಡಯಾಟಮ್‌ನ ಕ್ಲೋರೋಫಿಲ್ ಆ ಕೊಂಬಿನಂತೆ: ಪ್ರಮಾಣ ಅಷ್ಟೇ ಇದ್ದರೂ ನೀಲಿ ಬೆಳಕನ್ನು ಹೀರುವುದು ಕಡಿಮೆ. ಉಪಗ್ರಹ ಅದನ್ನು ಕಡಿಮೆ ಕ್ಲೋರೋಫಿಲ್ ಎಂದೇ ಓದುತ್ತದೆ. ದಕ್ಷಿಣ ಸಾಗರಕ್ಕೆಂದೇ ತಿದ್ದಿದ ಸೂತ್ರಗಳು ಪ್ರಕಟವಾಗಿವೆ, ಬಳಸಿ. ಆದರೆ ಅವೂ ಕೆಲವು ವಲಯಗಳ ಅಳತೆಯಿಂದ ಬಂದವು. ಪ್ರಿಡ್ಜ್ ಕೊಲ್ಲಿಯಲ್ಲಿ ಡಯಾಟಮ್ ಜೊತೆಗೆ ಫಿಯೋಸಿಸ್ಟಿಸ್ ಅಂಟಾರ್ಕ್ಟಿಕಾ ಎಂಬ ಇನ್ನೊಂದು ಸಸ್ಯಪ್ಲವಕ ಕೂಡ ಬೆಳೆಯುತ್ತದೆ, ಎರಡಕ್ಕೂ ಬೆಳಕು ಹೀರುವ ರೀತಿ ಬೇರೆ.

ಆರ್ಕ್ಟಿಕ್‌ನಲ್ಲಿ ಇದೇ ತಪ್ಪು ತಿರುಗುಮುರುಗಾಗುತ್ತದೆ. ಜಗತ್ತಿನ ಸಾಗರ ನೀರಿನ ಶೇ 1ರಷ್ಟು ಮಾತ್ರ ಇರುವ ಆರ್ಕ್ಟಿಕ್ ಸಾಗರಕ್ಕೆ ಜಗತ್ತಿನ ನದಿ ನೀರಿನ ಸುಮಾರು ಹತ್ತನೇ ಒಂದು ಪಾಲು ಬಂದು ಬೀಳುತ್ತದೆ. ಲೆನಾ, ಓಬ್, ಯೆನಿಸೇ, ಮೆಕೆಂಝಿ ನದಿಗಳು ಕೊಳೆತ ಸಸ್ಯಗಳ ಕಂದು ಸತ್ವವನ್ನು ಹೊತ್ತು ತರುತ್ತವೆ. ಅದೂ ನೀಲಿಯನ್ನೇ ಹೀರುವುದರಿಂದ ಉಪಗ್ರಹ ಅದನ್ನು ಕ್ಲೋರೋಫಿಲ್ ಎಂದು ಎಣಿಸುತ್ತದೆ, ಅಂಕಿ ಉಬ್ಬುತ್ತದೆ. ಭಾರತದ ಹಿಮಾದ್ರಿ ಕೇಂದ್ರ ಇರುವ ಸ್ವಾಲ್‌ಬಾರ್ಡ್‌ನ ಕಾಂಗ್ಸ್‌ಫಿಯೋರ್ಡ್‌ನಲ್ಲಿ ಇನ್ನೊಂದು ಸಮಸ್ಯೆ: ಹಿಮನದಿಗಳು ಅರೆದು ತರುವ ನುಣ್ಣನೆಯ ಕಲ್ಲುಹಿಟ್ಟು ಬೇಸಿಗೆಯಲ್ಲಿ ಒಳಗಿನ ನೀರನ್ನು ಬಗ್ಗಡ ಮಾಡುತ್ತದೆ, ಅದು ಬ್ಲೂಮ್‌ನಂತೆಯೇ ಕಾಣುತ್ತದೆ. ಬ್ಯಾರೆಂಟ್ಸ್ ಸಮುದ್ರದಲ್ಲಿ ಆಗಸ್ಟ್ ಹೊತ್ತಿಗೆ ಕಾಕೊಲಿಥೊಫೋರ್ ಎಂಬ ಪ್ಲವಕಗಳು ಸುಣ್ಣದ ಬಿಲ್ಲೆಗಳನ್ನು ಉದುರಿಸಿ ನೀರನ್ನು ಹಾಲುನೀಲಿ ಮಾಡುತ್ತವೆ, ಅಲ್ಲೂ ಕ್ಲೋರೋಫಿಲ್ ಅಂಕಿ ನಂಬಲಾಗದು. ಆದ್ದರಿಂದ ಒಂದು ಧ್ರುವಕ್ಕೆ ತಿದ್ದಿದ ಸೂತ್ರವನ್ನು ಇನ್ನೊಂದಕ್ಕೆ ಒಯ್ಯಬೇಡಿ. ಕಾಂಗ್ಸ್‌ಫಿಯೋರ್ಡ್ 79 ಡಿಗ್ರಿಯ ಹತ್ತಿರ ಇರುವುದರಿಂದ ಸೂರ್ಯನ ಮಿತಿಯೂ ಬೇರೆ: ನಡುಹಗಲು 70 ಡಿಗ್ರಿಯೊಳಗೆ ಬರುವುದು ಸುಮಾರು ಏಪ್ರಿಲ್ 13ರಿಂದ ಆಗಸ್ಟ್ 30ರವರೆಗೆ ಮಾತ್ರ. ವಸಂತದ ಬ್ಲೂಮ್ ಏಪ್ರಿಲ್ ಆರಂಭದಲ್ಲೇ ಎದ್ದರೆ ಅದರ ಶುರು ನಿಮಗೆ ಸಿಗುವುದೇ ಇಲ್ಲ.

ಕೆಂಪು ಬೆಳಕಿನ ಪ್ರತಿದೀಪ್ತಿಯನ್ನು, ಅಂದರೆ ಕ್ಲೋರೋಫಿಲ್ ತಾನು ಹೀರಿದ ಬೆಳಕಿನ ಒಂದು ಚೂರನ್ನು ಕೆಂಪಾಗಿ ಮರಳಿ ಹೊರಸೂಸುವುದನ್ನು, ಎರಡನೇ ಸಾಕ್ಷಿಯಾಗಿ ತೆಗೆದುಕೊಳ್ಳಬಹುದು. ಯುರೋಪಿನ ಸೆಂಟಿನೆಲ್-3 ಉಪಗ್ರಹಗಳ ಓಲ್ಚಿ ಉಪಕರಣದಲ್ಲಿ 681 ನ್ಯಾನೋಮೀಟರ್ ಬ್ಯಾಂಡ್ ಇದಕ್ಕೆಂದೇ ಇದೆ. ನದಿಯ ಕಂದು ಸತ್ವಕ್ಕೆ ಅದು ಅಷ್ಟಾಗಿ ಮೋಸಹೋಗುವುದಿಲ್ಲ. ಆದರೆ ದಕ್ಷಿಣ ಸಾಗರದಲ್ಲಿ ಬೆಳೆಯಲು ಬೇಕಾದಷ್ಟು ಕಬ್ಬಿಣ ಸಾಲದ ಪ್ಲವಕಗಳು ಪ್ರತಿ ಕ್ಲೋರೋಫಿಲ್ಲಿಗೆ ಹೆಚ್ಚು ಪ್ರತಿದೀಪ್ತಿ ಹೊರಸೂಸುತ್ತವೆ. ಎರಡು ನಕ್ಷೆಗಳೂ ಒಂದೇ ಕಡೆ ಅಂಚು ತೋರಿಸಿದರೆ ಆ ಅಂಚಿಗೆ ಹೋಗಿ, ಅಷ್ಟಕ್ಕೆ ಬಳಸಿ.

ಈಗ ಕೆಲಸದ ಕ್ರಮ. ಹೊರಡುವ ಎರಡು ಮೂರು ತಿಂಗಳ ಮೊದಲು ಯುರೋಪಿಯನ್ ಬಾಹ್ಯಾಕಾಶ ಸಂಸ್ಥೆಯ ಓಷನ್ ಕಲರ್ ಸಿಸಿಐ ದತ್ತಾಂಶ ತೆಗೆದುಕೊಳ್ಳಿ. 1997ರಲ್ಲಿ ಸೀವಿಫ್ಸ್ ಎಂಬ ಸಾಗರ ವರ್ಣ ಉಪಕರಣ ಹಾರಿದಲ್ಲಿಂದ ಹಲವು ಉಪಗ್ರಹಗಳನ್ನು ಹೊಂದಿಸಿ ಮಾಡಿದ 4 ಕಿ.ಮೀ. ಜಾಲದ ನಕ್ಷೆಗಳು ಅವು. ನಿಮ್ಮ ಯಾನದ ವಾರಗಳಿಗೆ ಮಾತ್ರ, ಎಲ್ಲ ವರ್ಷಗಳದ್ದೂ ಸೇರಿಸಿ, ಪ್ರತಿ ಪಿಕ್ಸೆಲ್ಲಿಗೆ ಮಧ್ಯಕ ತೆಗೆಯಿರಿ. ಸಾಧಾರಣ ಸರಾಸರಿ ಬೇಡ. ಕ್ಲೋರೋಫಿಲ್ ಹಂಚಿಕೆ ಲಾಗರಿದಮಿಕ್, ಒಂದೆರಡು ಭಾರಿ ಅಂಕಿಗಳು ಸರಾಸರಿಯನ್ನು ಎಳೆದೊಯ್ಯುತ್ತವೆ. ಜೊತೆಗೆ ಇನ್ನೊಂದು ನಕ್ಷೆ ಕಡ್ಡಾಯ: ಪ್ರತಿ ಪಿಕ್ಸೆಲ್ ಎಷ್ಟು ಬಾರಿ ಕಂಡಿತು ಎಂಬ ಎಣಿಕೆ. ಇಪ್ಪತ್ತೈದು ವರ್ಷಗಳಲ್ಲಿ ನಾಲ್ಕೇ ಬಾರಿ ಕಂಡ ಜಾಗದ ಹಸಿರಿಗೂ ಇನ್ನೂರು ಬಾರಿ ಕಂಡ ಜಾಗದ ಹಸಿರಿಗೂ ಒಂದೇ ತೂಕ ಕೊಡಲಾಗದು. ಈ ಎರಡು ನಕ್ಷೆಗಳಿಂದ ನಿಮ್ಮ ಖಚಿತ ಸ್ಟೇಷನ್‌ಗಳ ಪಟ್ಟಿ ಮಾಡಿ. ಸ್ಟೇಷನ್ ಸಮಯದ ಮೂರನೇ ಒಂದು ಭಾಗವನ್ನಾದರೂ ಎಲ್ಲೂ ಕಟ್ಟದೆ ಕೈಯಲ್ಲಿ ಉಳಿಸಿಕೊಳ್ಳಿ, ಮತ್ತು ಅದನ್ನು ಮುಖ್ಯ ವಿಜ್ಞಾನಿಯ ಬಳಿ ಮೊದಲೇ ಒಪ್ಪಿಸಿಕೊಳ್ಳಿ. ಹಡಗು ಹತ್ತಿದ ಮೇಲೆ ಕೇಳಿದರೆ ಸಮಯ ಸಿಗುವುದಿಲ್ಲ.

ಯಾನದ ದಿನಗಳಿಗೆ ನಾಸಾದ ಓಷನ್ ಕಲರ್ ತಾಣದಿಂದ ವೀರ್ಸ್ ಉಪಕರಣ ಮತ್ತು ಪೇಸ್ ಉಪಗ್ರಹದ, ಯುರೋಪಿನಿಂದ ಓಲ್ಚಿಯ ಲೆವೆಲ್ 2 ಫೈಲುಗಳು ಕೆಲವೇ ಗಂಟೆಗಳಲ್ಲಿ ಸಿಗುತ್ತವೆ. ವೀರ್ಸ್ 750 ಮೀಟರ್ ಪಿಕ್ಸೆಲ್, 3000 ಕಿ.ಮೀ. ಅಗಲದ ಪಟ್ಟಿ, ದೊಡ್ಡ ಚಿತ್ರಕ್ಕೆ ಅದು. ಓಲ್ಚಿ 300 ಮೀಟರ್, 1270 ಕಿ.ಮೀ.; ಹಿಮದ ತುಂಡುಗಳ ನಡುವೆ ನೋಡಲು ಇದೇ ಬೇಕು. 2024ರ ಫೆಬ್ರುವರಿಯಲ್ಲಿ ಹಾರಿದ ಪೇಸ್ ಕೆಲವೇ ಬ್ಯಾಂಡ್‌ಗಳ ಬದಲು 340ರಿಂದ 890 ನ್ಯಾನೋಮೀಟರ್‌ವರೆಗೆ ಸುಮಾರು 5 ನ್ಯಾನೋಮೀಟರ್ ಸೂಕ್ಷ್ಮತೆಯಲ್ಲಿ ಇಡೀ ವರ್ಣಪಟಲ ಕೊಡುತ್ತದೆ. ಡಯಾಟಮ್ ಮತ್ತು ಫಿಯೋಸಿಸ್ಟಿಸ್‌ಗಳನ್ನು ಬೇರೆ ಮಾಡುವ ಆಸೆ ಅದರ ಮೇಲಿದೆ, ಆದರೆ ಧ್ರುವದ ನೀರಿನಲ್ಲಿ ಅದನ್ನು ಪರೀಕ್ಷಿಸಲು ನಿಮ್ಮಂಥವರ ಬಾಟಲಿ ನೀರು ಇನ್ನೂ ಬಹಳ ಬೇಕು. ನಮ್ಮದೇ ಓಷನ್‌ಸ್ಯಾಟ್-3, 2022ರ ನವೆಂಬರ್ 26ರಂದು ಹಾರಿದ್ದು, 13 ಬ್ಯಾಂಡ್‌ಗಳ ವರ್ಣ ಉಪಕರಣ ಹೊತ್ತಿದೆ. ಇನ್ನೊಂದು ಹಾಯುವಿಕೆ ಸಿಕ್ಕಿತೆಂದರೆ ಮೋಡದ ನಾಡಿನಲ್ಲಿ ಅದೇ ದೊಡ್ಡ ಲಾಭ. ಮೋಡಿಸ್ ಆಕ್ವಾ ಈಗ ಹಳತು, ಅದು ಹಾಯುವ ಹೊತ್ತೇ ಸರಿಯುತ್ತಿದೆ. ಯೋಜನೆಗೆ ಅದನ್ನು ನೆಚ್ಚಬೇಡಿ. ಒಂದು ಯಾನದ ಉದ್ದಕ್ಕೂ ಅಂಕಿಗಳನ್ನು ಹೋಲಿಸುವಾಗ ಒಂದೇ ಉಪಕರಣದವನ್ನೇ ಹೋಲಿಸಿ.

ಫೈಲುಗಳನ್ನು ಸೀಡಾಸ್ ಅಥವಾ ಸ್ನ್ಯಾಪ್ ತಂತ್ರಾಂಶದಲ್ಲಿ ತೆರೆದು, ಅಂಟಾರ್ಕ್ಟಿಕಕ್ಕೆ ಇಪಿಎಸ್‌ಜಿ ಸಂಕೇತ 3031, ಆರ್ಕ್ಟಿಕ್‌ಗೆ 3413 ಧ್ರುವ ಪ್ರಕ್ಷೇಪಕ್ಕೆ ಹಾಕಿ. ಸಾಮಾನ್ಯ ಅಕ್ಷಾಂಶ-ರೇಖಾಂಶ ನಕ್ಷೆ 69 ಡಿಗ್ರಿಯಲ್ಲಿ ಪೂರ್ವ-ಪಶ್ಚಿಮವನ್ನು ಸುಮಾರು 2.8 ಪಟ್ಟು ಎಳೆದು ತೋರಿಸುತ್ತದೆ, ಅದರಲ್ಲಿ ಅಳೆದ ದೂರ ಹಡಗಿಗೆ ಹೊಂದುವುದಿಲ್ಲ. ಬಣ್ಣದ ಮಾಪಕ ಲಾಗರಿದಮಿಕ್ ಇರಲಿ, 0.05ರಿಂದ 10 ಮಿಲಿಗ್ರಾಂವರೆಗೆ, ಮತ್ತು ಇಡೀ ಯಾನಕ್ಕೆ ಅದೊಂದೇ. ಸಾಫ್ಟ್‌ವೇರ್ ತಾನಾಗಿ ಮಾಪಕ ಹಿಗ್ಗಿಸಲು ಬಿಟ್ಟರೆ ಇಂದು 0.4 ಕೆಂಪಾಗಿ, ನಾಳೆ 4 ಕೆಂಪಾಗಿ ಕಂಡು ತಲೆ ಕೆಡಿಸುತ್ತದೆ.

ಒಂದನ್ನು ಮಾತ್ರ ಖಡಾಖಂಡಿತ ಹೇಳುತ್ತೇನೆ: ಖಾಲಿ ತುಂಬಿಸಿದ ಲೆವೆಲ್ 4 ನಕ್ಷೆ ನೋಡಿ ಸ್ಟೇಷನ್ ಇಡಬೇಡಿ. ಮೋಡವೇ ಇಲ್ಲದಂತೆ ಚೆಂದ ಕಾಣುವ ಆ ದೈನಿಕ ನಕ್ಷೆಗಳಲ್ಲಿ ಬಹುಪಾಲು ಹಸಿರು ಗಣಿತದ ಊಹೆ. ಎಂಟು ದಿನಗಳ ಜೋಡಣೆ ನಕ್ಷೆಯಲ್ಲೂ ಎಚ್ಚರ ಬೇಕು. ಅದರಲ್ಲಿ ಒಂದು ಪಿಕ್ಸೆಲ್ ಸೋಮವಾರದ್ದು, ಪಕ್ಕದ್ದು ಶುಕ್ರವಾರದ್ದು ಇರಬಹುದು. ಎರಡರ ನಡುವೆ ಕಾಣುವ ನೆಟ್ಟಗಿನ ಅಂಚು ಕಡಲಿನಲ್ಲಿ ಇರುವುದಿಲ್ಲ.

ಹಡಗಿನಲ್ಲಿ ಇಂಟರ್‌ನೆಟ್ ತೀರಾ ಕಡಿಮೆ, ಆದ್ದರಿಂದ ದಡದಲ್ಲಿ ಒಬ್ಬರು ಈ ಕೆಲಸಕ್ಕೆಂದೇ ಇರಬೇಕು. ಅವರು ದಿನಕ್ಕೊಮ್ಮೆ ನಿಗದಿತ ಹೊತ್ತಿಗೆ ನಿಮ್ಮ ಸುತ್ತಲಿನ 300 ಕಿ.ಮೀ. ಚೌಕವನ್ನು ಕತ್ತರಿಸಿ, ಕೆಲವು ನೂರು ಕಿಲೋಬೈಟ್ ಮೀರದ ಚಿತ್ರವಾಗಿ ಇಮೇಲ್ ಮಾಡಲಿ. ಚಿತ್ರದ ಮೇಲೆ ಅಕ್ಷಾಂಶ ರೇಖಾಂಶ ಗೆರೆಗಳು, ಉಪಗ್ರಹ ಹಾದ ಯುಟಿಸಿ ಸಮಯ, ಉಪಕರಣದ ಹೆಸರು, ಶೇ 15ರ ಹಿಮದ ಗೆರೆ, ಸಮುದ್ರಮಟ್ಟ ಅಳೆಯುವ ಉಪಗ್ರಹಗಳಿಂದ ಬಂದ ಪ್ರವಾಹದ ಬಾಣಗಳು ಇರಲೇಬೇಕು. ಸಮಯ ನಮೂದಿಸದ ಚಿತ್ರ ಬಂದರೆ ಬದಿಗಿಡಿ.

ಏಕೆಂದರೆ ನೀರು ನಿಲ್ಲುವುದಿಲ್ಲ. ಸೆಕೆಂಡಿಗೆ 20 ಸೆಂಟಿಮೀಟರ್ ಪ್ರವಾಹ ದಿನಕ್ಕೆ 17 ಕಿ.ಮೀ. ಸಾಗುತ್ತದೆ. ಮೂರು ದಿನದ ಹಳೆಯ ಚಿತ್ರ ನೋಡಿ ಎರಡು ದಿನದ ದಾರಿ ಹೋದರೆ ಬ್ಲೂಮ್ ಅಷ್ಟರಲ್ಲಿ 86 ಕಿ.ಮೀ. ಆಚೆ ಇರಬಹುದು. 1999ರ ಫೆಬ್ರುವರಿಯಲ್ಲಿ ಟಾಸ್ಮೇನಿಯಾದ ದಕ್ಷಿಣಕ್ಕೆ ನಡೆದ ಸೊಯರಿ ಪ್ರಯೋಗ ಇದನ್ನು ಕಣ್ಣಿಗೆ ಕಟ್ಟುವಂತೆ ತೋರಿಸಿತು. ಕಬ್ಬಿಣ ಬೆರೆಸಿದ ಸಣ್ಣ ನೀರಿನ ತೇಪೆಯನ್ನು ಹಡಗು 13 ದಿನ ಹಿಂಬಾಲಿಸಿ ವಾಪಸಾಯಿತು. ಆರಂಭವಾಗಿ ಆರು ವಾರ ಕಳೆದ ಮೇಲೆ, ಮಾರ್ಚ್ 23ರಂದು, ಸೀವಿಫ್ಸ್ ಅದೇ ಬ್ಲೂಮನ್ನು 150 ಕಿ.ಮೀ. ಉದ್ದದ ಬಳುಕಿದ ಪಟ್ಟಿಯಾಗಿ ಕಂಡಿತು. ಸುಳಿಗಳು ಅದನ್ನು ಅಷ್ಟು ಎಳೆದಿದ್ದವು. 2011ರ ಅಕ್ಟೋಬರ್-ನವೆಂಬರ್‌ನಲ್ಲಿ ಕೆರ್ಗ್ಯುಲೆನ್ ದ್ವೀಪಗಳ ಪಕ್ಕ ನಡೆದ ಕೀಯಾಪ್ಸ್-2 ಯಾನ ಈ ಪಾಠವನ್ನು ಚೆನ್ನಾಗಿ ಬಳಸಿಕೊಂಡಿತು. ದಿನದಿನದ ಕ್ಲೋರೋಫಿಲ್ ಚಿತ್ರಗಳ ಜೊತೆಗೆ ಸಮುದ್ರಮಟ್ಟದಿಂದ ಲೆಕ್ಕ ಹಾಕಿದ ನೀರಿನ ಚಲನೆಯ ಹಾದಿಗಳನ್ನು ಹಿಂದಕ್ಕೆ ಓಡಿಸಿ, ಈ ನೀರು ಕಬ್ಬಿಣ ಸಿಗುವ ಪ್ರಸ್ಥಭೂಮಿಯನ್ನು ಬಿಟ್ಟು ಎಷ್ಟು ದಿನವಾಯಿತು ಎಂದು ನೋಡಿ ಸ್ಟೇಷನ್ ಆರಿಸಿದರು. ನಿಮ್ಮ ಯೋಜನೆಗೆ ಅದಕ್ಕಿಂತ ಒಳ್ಳೆಯ ಮಾದರಿ ಇಲ್ಲ. ಒಂದು ಎಚ್ಚರಿಕೆ: ಹಿಮದ ಒಳಗೆ ಮತ್ತು ಆಳವಿಲ್ಲದ ಖಂಡಾವರಣದ ಮೇಲೆ ಸಮುದ್ರಮಟ್ಟದ ದತ್ತಾಂಶ ದುರ್ಬಲ. ಪ್ರಿಡ್ಜ್ ಕೊಲ್ಲಿಯ ಒಳಭಾಗದಲ್ಲಿ ಬಾಣಗಳನ್ನು ನಂಬುವ ಬದಲು ಪ್ರವಾಹದೊಂದಿಗೆ ತೇಲಿ ಸಾಗುವ ಒಂದು ಡ್ರಿಫ್ಟರ್ ಬಿಟ್ಟು ನೋಡುವುದು ಲೇಸು.

ಗೋವಾದ ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆ ಜರ್ಮನಿಯ ಆಲ್ಫ್ರೆಡ್ ವೆಗೆನರ್ ಸಂಸ್ಥೆಯೊಂದಿಗೆ 2009ರಲ್ಲಿ ನಡೆಸಿದ ಲೋಹಾಫೆಕ್ಸ್ ಪ್ರಯೋಗವನ್ನೂ ಓದಿಕೊಳ್ಳಿ. ಸುಮಾರು 300 ಚದರ ಕಿ.ಮೀ. ನೀರಿಗೆ ಕಬ್ಬಿಣ ಹಾಕಿ 39 ದಿನ ಹಿಂಬಾಲಿಸಿದರು. ಕ್ಲೋರೋಫಿಲ್ ಏರಿತು, ಆದರೆ ಸಿಲಿಕ ಇಲ್ಲದೆ ಡಯಾಟಮ್ ಬೆಳೆಯಲಿಲ್ಲ, ಬೆಳೆದದ್ದನ್ನು ಕೊಪಿಪಾಡ್ ಎಂಬ ಪುಟ್ಟ ಪ್ರಾಣಿಗಳು ಮೇಯ್ದವು. ಮೇಲಿನಿಂದ ಕಂಡ ಹಸಿರು ಆ ಕಥೆಯಲ್ಲಿ ಒಂದು ಸಾಲು ಮಾತ್ರ. ಉಳಿದದ್ದೆಲ್ಲ ಬಾಟಲಿ ಮತ್ತು ಬಲೆಗಳಿಂದ ತಿಳಿದದ್ದು.

ಸ್ಟೇಷನ್ ಇಡುವಾಗ ಎಲ್ಲರೂ ಮಾಡುವ ತಪ್ಪು ಹಸಿರಿನ ನಡುವಿಗೇ ಹೋಗಿ ನಿಲ್ಲುವುದು. ಅಂಚನ್ನು ಅಡ್ಡಲಾಗಿ ಕತ್ತರಿಸಿ. ಹೊರಗಿನ ನೀಲಿ ನೀರಿನಲ್ಲಿ ಎರಡು ಸ್ಟೇಷನ್ 30-40 ಕಿ.ಮೀ. ಅಂತರದಲ್ಲಿ, ಅಂಚಿನಲ್ಲಿ ಮೂರು ನಾಲ್ಕು ಸ್ಟೇಷನ್ 10 ಕಿ.ಮೀ. ಅಂತರದಲ್ಲಿ, ಒಳಗೆ ಎರಡು. ನೀಲಿ ನೀರಿನ ಸ್ಟೇಷನ್ ಇಲ್ಲದೆ ಹೋದರೆ ಹಸಿರು ಏಕೆ ಹಸಿರಾಯಿತೆಂದು ಹೇಳಲು ಹೋಲಿಕೆಯೇ ಉಳಿಯುವುದಿಲ್ಲ.

ಆಳದ ವಿಷಯದಲ್ಲಿ ಉಪಗ್ರಹಕ್ಕೆ ಕಣ್ಣಿಲ್ಲ. ಅದು ಕಾಣುವ ಬೆಳಕಿನ ಶೇ 90 ಭಾಗ ಬರುವುದು ಬೆಳಕಿನ ಪದರದ ಮೇಲಿನ ಐದನೇ ಒಂದು ಭಾಗದಿಂದ. ಕ್ಲೋರೋಫಿಲ್ 1 ಮಿಲಿಗ್ರಾಂ ಇದ್ದರೆ ಸುಮಾರು 7 ಮೀಟರ್, 10 ಇದ್ದರೆ 3 ಮೀಟರ್, 0.1 ಇದ್ದರೆ 18 ಮೀಟರ್. ಬೇಸಿಗೆಯ ಕೊನೆಗೆ ಮೇಲಿನ ಪೋಷಕಗಳು ಖಾಲಿಯಾದ ಮೇಲೆ ಆರ್ಕ್ಟಿಕ್‌ನಲ್ಲಿ ಪ್ಲವಕಗಳು 20-60 ಮೀಟರ್ ಆಳದಲ್ಲಿ ದಟ್ಟವಾಗಿ ಸೇರಿರುತ್ತವೆ, ಮೇಲೆ ನೀಲಿ ನೀರು. ಹಿಮದ ಕೆಳಗೂ ಹಾಗೆಯೇ. 2011ರ ಜುಲೈನಲ್ಲಿ ಚುಕ್ಚಿ ಸಮುದ್ರದಲ್ಲಿ ನಾಸಾದ ಐಸ್‌ಸ್ಕೇಪ್ ಯಾನ ಒಂದು ಮೀಟರ್ ಸುಮಾರಿನ ದಪ್ಪದ ಹಿಮದಡಿ, ಅಂಚಿನಿಂದ 100 ಕಿ.ಮೀ.ಗೂ ಒಳಗೆ, ಭಾರಿ ಬ್ಲೂಮ್ ಕಂಡಿತು. ಯಾವ ವರ್ಣ ಉಪಗ್ರಹಕ್ಕೂ ಅದು ಕಂಡಿರಲಿಲ್ಲ. ಆದ್ದರಿಂದ ಪ್ರತಿ ಸ್ಟೇಷನ್‌ನಲ್ಲಿ ಸಿಟಿಡಿ (ಆಳದುದ್ದಕ್ಕೂ ಉಷ್ಣತೆ, ಲವಣಾಂಶ ಅಳೆಯುವ ಉಪಕರಣ) ಕೆಳಗಿಳಿಯುವಾಗ ಪ್ರತಿದೀಪ್ತಿಯ ಗೆರೆ ನೋಡಿ, ಮೇಲೆ ಬರುವಾಗ ಅದರ ಶಿಖರದಲ್ಲಿ ಒಂದು ಬಾಟಲಿ ಮುಚ್ಚಿ. ಮೇಲ್ಮೈ, 10, 25 ಮೀಟರ್, ಶಿಖರ, ಬೆಳಕಿನ ಪದರದ ತಳ, ಅದರ ಕೆಳಗೆ ಒಂದು: ಇಷ್ಟು ಸಾಕು.

ಕೊನೆಗೆ ಅಂಕಿಯನ್ನು ಸರಿಪಡಿಸುವ ಕೆಲಸ. ಉಪಗ್ರಹ ಹಾಯುವ ಸಮಯದ ಹಿಂದೆ ಮುಂದೆ ಮೂರು ಗಂಟೆಯೊಳಗೆ ತೆಗೆದ ಮೇಲ್ಮೈ ನೀರನ್ನು ಆ ಜಾಗದ 5×5 ಪಿಕ್ಸೆಲ್ ಚೌಕದೊಂದಿಗೆ ಹೋಲಿಸುತ್ತಾರೆ. ಚೌಕದಲ್ಲಿ ಅರ್ಧಕ್ಕಿಂತ ಹೆಚ್ಚು ಪಿಕ್ಸೆಲ್ ಸರಿ ಇರಬೇಕು, ಅವುಗಳ ನಡುವೆ ಏರುಪೇರು ಶೇ 15ರೊಳಗಿರಬೇಕು. ಇಂಥ ಜೋಡಿ ಒಂದು ಯಾನದಲ್ಲಿ ಬೆರಳೆಣಿಕೆಯಷ್ಟೇ ಸಿಗುತ್ತವೆ, ಹಾಗಾಗಿ ಹಾಯುವ ವೇಳಾಪಟ್ಟಿ ಲ್ಯಾಬಿನ ಗೋಡೆಯ ಮೇಲಿರಲಿ. ನೀರನ್ನು ಮಂದ ಬೆಳಕಿನಲ್ಲಿ 25 ಮಿ.ಮೀ. ಜಿಎಫ್/ಎಫ್ (ಗಾಜಿನ ನಾರಿನ) ಫಿಲ್ಟರಿನಲ್ಲಿ, ಕಡಿಮೆ ನಿರ್ವಾತದಲ್ಲಿ ಸೋಸಿ. ನೀಲಿ ನೀರಾದರೆ 2ರಿಂದ 4 ಲೀಟರ್, ಬ್ಲೂಮ್‌ನಲ್ಲಿ 250ರಿಂದ 500 ಮಿಲಿಲೀಟರ್. ಫಿಲ್ಟರ್ ಕಟ್ಟಿಕೊಂಡ ಮೇಲೂ ಪಂಪಿನ ಒತ್ತಡ ಏರಿಸಿದರೆ ಕೋಶಗಳು ಒಡೆದು ಕ್ಲೋರೋಫಿಲ್ ಕೆಳಗೆ ಹರಿದುಹೋಗುತ್ತದೆ. ವರ್ಣಕಗಳನ್ನು ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿಗೆ ಇಡುವ ಫಿಲ್ಟರ್ ತಕ್ಷಣ ದ್ರವ ಸಾರಜನಕಕ್ಕೆ ಅಥವಾ ಮೈನಸ್ 80 ಡಿಗ್ರಿಗೆ ಹೋಗಬೇಕು. ಹಡಗಿನಲ್ಲೇ ಓದುವುದನ್ನು ಶೇ 90 ಅಸಿಟೋನ್‌ನಲ್ಲಿ, ಕತ್ತಲಲ್ಲಿ, ಮೈನಸ್ 20ರಲ್ಲಿ 24 ಗಂಟೆ ಇಟ್ಟು ಫ್ಲೋರೋಮೀಟರಿಗೆ ಹಾಕಿ.

ಹಡಗು ಸಾಗುತ್ತಲೇ ಓದುವ ಫ್ಲೋರೋಮೀಟರ್ ಬಗ್ಗೆ ಒಂದು ಮಾತು. ಬಿಸಿಲು ಜೋರಾದಾಗ ಪ್ಲವಕಗಳು ತಮ್ಮ ಪ್ರತಿದೀಪ್ತಿಯನ್ನು ತಾವೇ ತಗ್ಗಿಸುತ್ತವೆ. ಅಂದರೆ ಉಪಗ್ರಹ ಹಾಯುವ ನಡುಹಗಲಿನಲ್ಲೇ ಈ ಉಪಕರಣ ಕಡಿಮೆ ಓದುತ್ತದೆ. ಎರಡೂ ಕಡಿಮೆ ತೋರಿಸಿ ಒಂದಕ್ಕೊಂದು ಹೊಂದಿದರೆ ಉಪಗ್ರಹ ಸರಿ ಇದೆ ಎಂಬ ಭ್ರಮೆ ಹುಟ್ಟುತ್ತದೆ. ಕತ್ತಲೇ ಆಗದ ಬೇಸಿಗೆಯಲ್ಲಿ ಸೂರ್ಯ ಅತಿ ಕೆಳಗಿರುವ ಗಂಟೆಗಳ ಓದನ್ನು, ಅದೇ ಹೊತ್ತಿನ ಅಸಿಟೋನ್ ಅಂಕಿಗಳೊಂದಿಗೆ ಹೊಂದಿಸಿ ಮಾಪನ ಮಾಡಿ.

ಸ್ಟೇಷನ್ ಆರಿಸಲು ನೋಡಿದ ಪ್ರತಿ ಚಿತ್ರವನ್ನೂ, ಖಾಲಿ ಬಂದವುಗಳನ್ನೂ ಸೇರಿಸಿ, ತೀರ್ಮಾನ ಮಾಡಿದ ಸಮಯದೊಂದಿಗೆ ಉಳಿಸಿಡಿ. ನೀವು ಹಸಿರು ಕಂಡಲ್ಲಿಗೆ ಹೋದಿರಿ, ಆಕಾಶ ತಿಳಿಯಿದ್ದಾಗ ಮಾತ್ರ ಹಸಿರು ಕಂಡಿರಿ. ಹಾಗಾಗಿ ನಿಮ್ಮ ಸ್ಟೇಷನ್‌ಗಳ ಸರಾಸರಿ ಪ್ರಿಡ್ಜ್ ಕೊಲ್ಲಿಯ ಸರಾಸರಿ ಆಗುವುದಿಲ್ಲ. ಖಚಿತ ಸ್ಟೇಷನ್‌ಗಳ ಅಂಕಿಯನ್ನೂ ಚಿತ್ರ ನೋಡಿ ಆರಿಸಿದ ಸ್ಟೇಷನ್‌ಗಳ ಅಂಕಿಯನ್ನೂ ಪ್ರಬಂಧದಲ್ಲಿ ಬೇರೆ ಬೇರೆ ಕೋಷ್ಟಕಗಳಲ್ಲಿ ಕೊಡಿ.